ಕಸ ಹೋದ ದಾರಿ: ಮಾವಳ್ಳಿಪುರ, ಮಂಡೂರು ಮತ್ತು ಬೆಂಗಳೂರಿನ ವಾರ್ಡುಗಳು

2012ರ ಜುಲೈನಲ್ಲಿ ಬೆಂಗಳೂರಿನ ಕಸದ ಲಾರಿಗಳಿಗೆ ಹೋಗಲು ಜಾಗ ಇಲ್ಲದಂತಾಯಿತು. ಯಲಹಂಕದ ಆಚೆ ಇರುವ ಮಾವಳ್ಳಿಪುರದ ಡಂಪಿಂಗ್ ಯಾರ್ಡ್‌ಗೆ ಬೀಗ ಬಿತ್ತು. ಅಲ್ಲಿಗೆ ಹೋಗುತ್ತಿದ್ದ ಕಸ ಬೀದಿಯಲ್ಲೇ ಉಳಿಯಿತು. ಕೆಲವೇ ವಾರಗಳಲ್ಲಿ ಮೂಲೆ ಮೂಲೆಯಲ್ಲೂ ರಾಶಿ. ಮಳೆಗಾಲ ಬೇರೆ. ಕಸ ನೆನೆದು, ಕೊಳೆತು, ಚರಂಡಿಗೆ ಇಳಿಯಿತು. ಆ ಫೋಟೊಗಳು ವಿದೇಶದ ಪತ್ರಿಕೆಗಳಲ್ಲೂ ಬಂದವು. ಉದ್ಯಾನ ನಗರಿ ಎಂದು ಹೆಸರಾದ ಊರನ್ನು ಜನ ಗಾರ್ಬೇಜ್ ಸಿಟಿ ಎಂದು ಕರೆಯತೊಡಗಿದರು.

ಸ್ಥಳೀಯ ಸರ್ಕಾರ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಪ್ರಕರಣವೇ. ರಸ್ತೆ, ದೀಪ, ನೀರು ಎಲ್ಲದರಲ್ಲೂ ಪಾಲಿಕೆ, ಪಂಚಾಯಿತಿಗಳ ಪಾತ್ರ ಇದೆ, ನಿಜ. ಆದರೆ ಕಸದ ವಿಷಯದಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಯಾರ ಮನೆಯ ಕಸ, ಯಾರ ಕೈಯಿಂದ, ಯಾರ ಊರಿಗೆ ಹೋಯಿತು, ಹಾಗೆ ಹೋಗಲಿ ಎಂದು ಹೇಳಿದವರು ಯಾರು, ಎಲ್ಲವನ್ನೂ ಹಿಂಬಾಲಿಸಿ ನೋಡಬಹುದು. ಹಾಗೆ ನೋಡುತ್ತಾ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ನಿರ್ಧಾರ ಜನರಿಂದ ದೂರ ಹೋದಷ್ಟೂ ಕಸವೂ ದೂರ ಹೋಗಿ ಇನ್ನೊಬ್ಬರ ಬಾಗಿಲಲ್ಲಿ ಬೀಳುತ್ತದೆ.

ವೋಟಿಲ್ಲದವರ ಊರಿಗೆ ಕಸ

ಮೊದಲು ಪಾಲಿಕೆ ಬೆಳೆದದ್ದು ಹೇಗೆ ಅಂತ ನೋಡೋಣ. 2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹುಟ್ಟಿತು. 100 ವಾರ್ಡುಗಳ ಹಳೆಯ ಪಾಲಿಕೆಗೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ, ರಾಜರಾಜೇಶ್ವರಿ ನಗರ ಎಂಬ 7 ನಗರಸಭೆಗಳು, ಕೆಂಗೇರಿ ಪುರಸಭೆ, ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳು ಸೇರಿದವು. ಅಲ್ಲಿಯವರೆಗೆ ಯಲಹಂಕದಲ್ಲಿ ಮೋರಿ ಕಟ್ಟಿಕೊಂಡರೆ ಅಲ್ಲಿಯವರು ಯಲಹಂಕದ ನಗರಸಭೆಗೇ ಹೋಗಿ ಜಗಳ ಆಡುತ್ತಿದ್ದರು. ಈಗ ದೊಡ್ಡ ತೀರ್ಮಾನಗಳೆಲ್ಲ ಹಡ್ಸನ್ ವೃತ್ತದ ಪಾಲಿಕೆ ಕಚೇರಿಗೆ ಹೋದವು. ಹಳೆಯ ಪಾಲಿಕೆಯ ಅವಧಿ 2006ರ ಕೊನೆಗೆ ಮುಗಿದಿತ್ತು. ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. ಅಂದರೆ ಊರು ಒಮ್ಮೆಗೇ ಹಲವು ಪಟ್ಟು ಹಿಗ್ಗಿದ ಆ ಮೂರು ವರ್ಷಗಳಲ್ಲಿ ಚುನಾಯಿತ ಸದಸ್ಯ ಅಂತ ಒಬ್ಬರೂ ಇರಲಿಲ್ಲ. ಹೊಸ ಬಡಾವಣೆಗಳು ಎದ್ದವು, ಅಪಾರ್ಟ್‌ಮೆಂಟುಗಳು ಎದ್ದವು, ದಿನದ ಕಸ ಸಾವಿರಾರು ಟನ್‌ಗೆ ಏರಿತು. ಅದನ್ನೆಲ್ಲ ಲಾರಿಗೆ ತುಂಬಿ ಊರಾಚೆ ಸುರಿಯುವುದೇ ವ್ಯವಸ್ಥೆ ಅನ್ನಿಸಿಕೊಂಡಿತು.

ಊರಾಚೆ ಅಂದರೆ ನಗರದವರಿಗೆ ಖಾಲಿ ಜಾಗ. ಅಲ್ಲಿರುವವರಿಗೆ ಅದು ಮನೆ, ಹೊಲ, ಬಾವಿ. ಮಾವಳ್ಳಿಪುರದ ಜನ ವರ್ಷಗಟ್ಟಲೆ ಹೇಳುತ್ತಲೇ ಇದ್ದರು. ಕಸದ ಗುಡ್ಡದಿಂದ ಇಳಿಯುವ ಕಪ್ಪು ನೀರು ಕೆರೆ ಕುಂಟೆ ಸೇರುತ್ತಿದೆ, ಕೊಳವೆಬಾವಿ ನೀರು ಕುಡಿಯೋ ಹಾಗಿಲ್ಲ, ನೊಣ ಮುತ್ತುತ್ತವೆ, ನಾಯಿಗಳ ಕಾಟ, ಮಕ್ಕಳಿಗೆ ಕಾಯಿಲೆ. ಪಕ್ಕದ ಯಲಹಂಕ ವಾಯುನೆಲೆಗೂ ತಲೆನೋವಾಗಿತ್ತು, ಕಸಕ್ಕೆ ಬರುವ ಹಕ್ಕಿಗಳಿಂದ ವಿಮಾನಕ್ಕೆ ಅಪಾಯ. ಕೊನೆಗೆ ಹಳ್ಳಿಯವರ ಹೋರಾಟ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶ ಎರಡೂ ಸೇರಿ ಯಾರ್ಡ್ ಮುಚ್ಚಿತು.

ಕಸ ನಿಂತಿತಾ? ಇಲ್ಲ. ದಿಕ್ಕು ಬದಲಿಸಿತು ಅಷ್ಟೆ. ಉತ್ತರದಲ್ಲಿ ದಾರಿ ಕಟ್ಟಿದ ಮೇಲೆ ಪೂರ್ವದ ಮಂಡೂರಿನ ಮೇಲೆ ಎಲ್ಲ ಭಾರ ಬಿತ್ತು. ಮಂಡೂರಿನವರು ಲಾರಿ ತಡೆದರು. ಇಷ್ಟು ದಿನ ತಾಳಿಕೊಳ್ಳಿ, ಇನ್ನಷ್ಟು ತಿಂಗಳು ತಾಳಿಕೊಳ್ಳಿ ಅಂತ ಭರವಸೆಗಳು ಬಂದವು. 2014ರ ಜೂನ್‌ನಲ್ಲಿ ಜನ ಮತ್ತೆ ರಸ್ತೆಗಿಳಿದರು. ಪೊಲೀಸ್ ಬಂದೋಬಸ್ತಿನಲ್ಲಿ ಕಸದ ಲಾರಿಗಳು ಹೋದವು. ಆಗ ಮುಖ್ಯಮಂತ್ರಿ ಆಗಿದ್ದ ಸಿದ್ದರಾಮಯ್ಯ ಅವರು ಗಡುವು ಕೊಟ್ಟರು. ಆ ವರ್ಷ ಡಿಸೆಂಬರ್ ಹೊತ್ತಿಗೆ ಮಂಡೂರಿಗೆ ಕಸ ಹೋಗುವುದು ನಿಂತಿತು. ಆಮೇಲೆ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳು. ಊರಿನ ಹೆಸರು ಬೇರೆ ಬೇರೆ, ಜನರ ದೂರು ಒಂದೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯ ಒಂದಿದೆ. ಮಂಡೂರಿನವರು ಬೆಂಗಳೂರು ಪಾಲಿಕೆಗೆ ವೋಟ್ ಹಾಕುವವರಲ್ಲ. ಅವರದ್ದು ಗ್ರಾಮ ಪಂಚಾಯಿತಿ. ಪಾಲಿಕೆಯ 198 ಸದಸ್ಯರಲ್ಲಿ ಒಬ್ಬರೂ ಅವರಿಗೆ ಉತ್ತರ ಕೊಡಬೇಕಾಗಿರಲಿಲ್ಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯ ಇವೆ, ಆರೋಗ್ಯ ಮತ್ತು ನೈರ್ಮಲ್ಯವೂ ಅದರಲ್ಲಿದೆ. ಆದರೂ ಊರಿನ ಪಕ್ಕ ಬಂದು ಬೀಳುತ್ತಿದ್ದ ಪರವೂರಿನ ಕಸವನ್ನು ಬೇಡ ಅನ್ನುವ ಬಲ ಆ ಪಂಚಾಯಿತಿಗೆ ಇರಲಿಲ್ಲ. ಹಾಗಾಗಿ ಜನರ ಕೈಯಲ್ಲಿ ಉಳಿದದ್ದು ಒಂದೇ ದಾರಿ, ಲಾರಿಯ ಮುಂದೆ ಕೂರುವುದು. ಗ್ರಾಮಸಭೆಯ ಮಾತಿಗೆ ಬೆಲೆ ಇದ್ದಿದ್ದರೆ ಅವರು ರಸ್ತೆಗೆ ಬರಬೇಕಾಗಿರಲಿಲ್ಲ. ಇದು ಮಂಡೂರಿನವರಿಗೆ ಆದ ಅನ್ಯಾಯ. ನಗರದಲ್ಲಿ ಇರುವ ನಾವು ಅದನ್ನು ಅನ್ಯಾಯ ಅಂತಲೇ ಹೇಳಬೇಕು.

ಕಸ ಮತ್ತೆ ವಾರ್ಡಿಗೆ ಬಂದದ್ದು

ಬಿಕ್ಕಟ್ಟು ಬಂದಾಗ ಪಾಲಿಕೆಯ ಮೊದಲ ಯೋಚನೆ ಇನ್ನೊಂದು ಜಾಗ ಹುಡುಕುವುದೇ ಆಗಿತ್ತು. ಅದನ್ನು ಬದಲಿಸಿದ್ದು ಎರಡು ಕಡೆಯ ಒತ್ತಡ. ಒಂದು ಕಡೆ ಹೈಕೋರ್ಟ್. 2012ರಲ್ಲಿ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆ ವರ್ಷಗಟ್ಟಲೆ ನಡೆಯಿತು. ಕಸವನ್ನು ಮನೆಯಲ್ಲೇ ವಿಂಗಡಿಸಿ, ವಾರ್ಡಿನಲ್ಲೇ ಆದಷ್ಟು ಮುಗಿಸಿ, ವಾರ್ಡ್ ಸಮಿತಿ ರಚಿಸಿ ಅಂತ ಕೋರ್ಟ್ ಒತ್ತಾಯಿಸುತ್ತಲೇ ಹೋಯಿತು. ಇನ್ನೊಂದು ಕಡೆ ನಾಗರಿಕರು. ಬಿಕ್ಕಟ್ಟು ಬರುವ ಮೊದಲೇ ಕೆಲವು ಬಡಾವಣೆ, ಅಪಾರ್ಟ್‌ಮೆಂಟುಗಳಲ್ಲಿ ಜನ ತಾವಾಗಿಯೇ ಹಸಿ ಕಸ, ಒಣ ಕಸ ಬೇರೆ ಮಾಡಿ ಗೊಬ್ಬರ ಮಾಡತೊಡಗಿದ್ದರು. ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್ ಹೆಸರಿನಲ್ಲಿ ಒಟ್ಟಾದ ಸ್ವಯಂಸೇವಕರು, ಅವರಲ್ಲಿ ಹೆಚ್ಚಿನವರು ಮಹಿಳೆಯರು, ತಮ್ಮ ಮನೆಯಲ್ಲಿ ಆಗಿದ್ದನ್ನು ಪಾಲಿಕೆಯ ನಿಯಮವಾಗಿ ಮಾಡಿಸಲು ಪಟ್ಟು ಹಿಡಿದರು.

2012ರ ಅಕ್ಟೋಬರ್ 1ರಿಂದ ವಿಂಗಡಣೆ ಕಡ್ಡಾಯ ಅಂತ ಪಾಲಿಕೆ ಸಾರಿತು. ಕಾಗದದ ಮೇಲೆ ಕಡ್ಡಾಯ ಆದರೂ ಬೀದಿಯಲ್ಲಿ ಆಗಲಿಲ್ಲ. ಮನೆಯವರು ಬೇರೆ ಮಾಡಿ ಕೊಟ್ಟರೆ ಗಾಡಿಯಲ್ಲಿ ಮತ್ತೆ ಒಟ್ಟು ಸುರಿಯುತ್ತಿದ್ದರು. ಯಾಕೆ ಬೇರೆ ಮಾಡಬೇಕು ಅಂತ ಜನ ಕೇಳಿದರು. ಅದು ನ್ಯಾಯದ ಪ್ರಶ್ನೆಯೇ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಇನ್ನಷ್ಟು ಖಚಿತವಾಗಿ ಹೇಳಿತು: ಎರಡು ಡಬ್ಬ, ಒಂದು ಚೀಲ. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್, ಪ್ಯಾಡ್‌ನಂಥವಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಕೊಡುವ ಪದ್ಧತಿಯೂ ಆಗಲೇ ಹರಡಿತು. ಕೇಳಲು ಸಣ್ಣ ವಿಷಯ. ಆದರೆ ದಿನವೂ ಬರಿಗೈಯಲ್ಲಿ ಕಸ ಮುಟ್ಟುವ ಹೆಂಗಸಿಗೆ ಆ ಕೆಂಪು ಗುರುತು ಎಷ್ಟು ದೊಡ್ಡದು ಅಂತ ಒಮ್ಮೆ ಅವರನ್ನೇ ಕೇಳಿ ನೋಡಿ. 2016ರಲ್ಲಿ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿಯಮಗಳು ಬಂದಾಗ ಅದರಲ್ಲೂ ಮೂರು ಬಗೆಯ ವಿಂಗಡಣೆ ಸೇರಿತು. ಬೆಂಗಳೂರಿನ ಅಡುಗೆಮನೆಗಳಲ್ಲಿ ಶುರುವಾದ ಅಭ್ಯಾಸ ಅಷ್ಟು ಹೊತ್ತಿಗೆ ಕೋರ್ಟಿನ ಆದೇಶವೂ ಆಗಿತ್ತು.

ವಿಂಗಡಣೆ ಯಾಕೆ ಇಷ್ಟು ಮುಖ್ಯ? ಹಸಿ ಕಸ ಮಾತ್ರ ಇದ್ದರೆ ಕೆಲವು ವಾರಗಳಲ್ಲಿ ಅದು ಗೊಬ್ಬರ. ಅದಕ್ಕೆ ಒಂದು ಹಿಡಿ ಗಾಜಿನ ಚೂರು, ಒಂದು ಪ್ಯಾಡ್, ನಾಲ್ಕು ಪ್ಲಾಸ್ಟಿಕ್ ಕವರ್ ಬಿದ್ದರೆ ಮುಗಿಯಿತು. ಆ ಗೊಬ್ಬರವನ್ನು ರೈತರು ಹೊಲಕ್ಕೆ ಹಾಕಲು ಒಪ್ಪುವುದಿಲ್ಲ. ಅವರು ಬರಿಗಾಲಲ್ಲಿ ಓಡಾಡುವ ಮಣ್ಣು ಅದು. ಒಟ್ಟು ಮಾಡಿದ ಕಸಕ್ಕೆ ಕೊನೆಗೆ ಒಂದೇ ಗತಿ, ಗುಂಡಿ. ಗುಂಡಿಗೆ ಒಂದು ಹಳ್ಳಿ ಬೇಕು. ಮನೆಯಲ್ಲಿ ಎರಡು ನಿಮಿಷದ ಕೆಲಸ ಆಗದಿದ್ದರೆ ಮಂಡೂರಿನಲ್ಲಿ ಅದರ ಬೆಲೆ ಕಟ್ಟಬೇಕಾಗುತ್ತದೆ.

ಒಣ ಕಸದ ಕಥೆ ಇನ್ನೂ ಚೆನ್ನಾಗಿದೆ. ವಾರ್ಡಿಗೊಂದು ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರ ಅಂತ ಯೋಜನೆ ಆಯಿತು. ಬೀದಿಯಲ್ಲಿ ಕಸ ಆಯುತ್ತಿದ್ದವರಿಗೆ ಪಾಲಿಕೆಯ ಮುದ್ರೆ ಇರುವ ಗುರುತಿನ ಚೀಟಿ ಸಿಕ್ಕಿತು. ಇದಕ್ಕಾಗಿ ದುಡಿದ ಸಂಸ್ಥೆಗಳಲ್ಲಿ ಹಸಿರು ದಳದ ಹೆಸರು ಮೊದಲು ಹೇಳಬೇಕು. ಅದಕ್ಕೂ ಮೊದಲು ಮುಂಜಾನೆ ಚೀಲ ಹೊತ್ತು ಹೊರಟವರನ್ನು ಪೊಲೀಸರು ಕಳ್ಳರು ಅಂತ ನಿಲ್ಲಿಸುತ್ತಿದ್ದರು. ಚೀಟಿ ಬಂದ ಮೇಲೆ ಅವರು ನಗರದ ಕೆಲಸಗಾರರು. ಅವರಲ್ಲಿ ಕೆಲವರು ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಈ ಕೇಂದ್ರಗಳನ್ನೇ ನಡೆಸತೊಡಗಿದರು.

ಇಂಥ ಕೇಂದ್ರವೊಂದಕ್ಕೆ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ತಗಡಿನ ಶೆಡ್. ನೆಲದ ಮೇಲೆ ಚೀಲಗಳಿಂದ ಸುರಿದ ಗುಡ್ಡೆ. ಅದರ ಸುತ್ತ ಕೂತವರ ಕೈ ಎಷ್ಟು ಚುರುಕು ಅಂದರೆ ಕಣ್ಣು ಹಿಂದೆ ಬೀಳುತ್ತದೆ. ರಟ್ಟು ಒಂದು ಕಡೆ, ಬಿಳಿ ಪೇಪರ್ ಒಂದು ಕಡೆ. ನೀರಿನ ಬಾಟಲಿ ಬೇರೆ, ಅದರ ಮುಚ್ಚಳ ಬೇರೆ. ಹಾಲಿನ ಕವರ್ ಬೇರೆ, ಅದೂ ತೊಳೆದು ಒಣಗಿಸಿದ್ದಾದರೆ ಒಳ್ಳೆಯ ರೇಟು. ಕವರನ್ನು ಕೈಯಲ್ಲಿ ಹಿಸುಕಿ ಸದ್ದು ಕೇಳಿ ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಹೇಳುವವರಿದ್ದಾರೆ. ಚಿಪ್ಸ್ ಪ್ಯಾಕೆಟ್ ಬಂದರೆ ಮುಖ ಸಣ್ಣಗಾಗುತ್ತದೆ, ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಇಷ್ಟೆಲ್ಲ ವಿದ್ಯೆ ಇರುವವರನ್ನು ಪರಿಣತರು ಅಂತ ಕರೆಯಲು ನಮಗೆ ಯಾಕೆ ಇಷ್ಟು ವರ್ಷ ಬೇಕಾಯಿತು ಅನ್ನುವ ಪ್ರಶ್ನೆ ಅಲ್ಲಿಂದ ಬಂದ ಮೇಲೂ ಬಿಡುವುದಿಲ್ಲ.

ಎಲ್ಲ ವಾರ್ಡಿನಲ್ಲೂ ಹೀಗೆ ಆಯಿತು ಅಂತ ಹೇಳಲಾರೆ. ಕೆಲವು ಕಡೆ ಕೇಂದ್ರಕ್ಕೆ ಜಾಗ ಸಿಗಲಿಲ್ಲ. ಕೆಲವು ಕಡೆ ಕರೆಂಟ್ ಇಲ್ಲ, ನೀರಿಲ್ಲ. ಹಸಿ ಕಸದ ದೊಡ್ಡ ಘಟಕಗಳ ಪಕ್ಕದ ಬಡಾವಣೆಯವರು ವಾಸನೆ ತಡೆಯಲಾರದೆ ಬೀದಿಗಿಳಿದರು. ಲಿಂಗಧೀರನಹಳ್ಳಿಯಂಥ ಕಡೆ ಅದು ದೊಡ್ಡ ಹೋರಾಟವೇ ಆಯಿತು. ಅವರನ್ನು ಸುಮ್ನೆ ದೂರುವುದು ತಪ್ಪು. ಒಟ್ಟು ಕಸ ಹೋಗಿ ಬಿದ್ದರೆ ಯಾವ ಘಟಕವೂ ನಾರುತ್ತದೆ. ಎಚ್‌ಎಸ್‌ಆರ್ ಬಡಾವಣೆಯವರು ಇನ್ನೊಂದು ದಾರಿ ತೋರಿಸಿದರು. ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತ ಒಂದು ಪಾರ್ಕನ್ನೇ ಗೊಬ್ಬರ ಮಾಡುವುದನ್ನು ಕಲಿಯುವ ಜಾಗ ಮಾಡಿದರು. ನಮೂನೆ ನಮೂನೆ ಗೊಬ್ಬರದ ತೊಟ್ಟಿಗಳು ಅಲ್ಲಿವೆ, ಮಕ್ಕಳು ಬಂದು ನೋಡುತ್ತಾರೆ. ಜಾಗ ಪಾಲಿಕೆಯದು, ಮೈಬೆವರು ನಿವಾಸಿಗಳದ್ದು. ಈ ಎರಡರಲ್ಲಿ ಒಂದೇ ಇದ್ದಿದ್ದರೆ ಆಗುತ್ತಿರಲಿಲ್ಲ.

ಸಮಿತಿ ಎಂಬ ಸಣ್ಣ ಕೋಣೆ

ಇನ್ನು ವಾರ್ಡ್ ಸಮಿತಿ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ಬೆಂಗಳೂರಿಗೆ 2020ರವರೆಗೆ ಅನ್ವಯಿಸಿದ ಕರ್ನಾಟಕದ ಕಾನೂನಿನಲ್ಲಿ ಪ್ರತಿ ವಾರ್ಡಿಗೂ ಒಂದು ಸಮಿತಿ. ಪಾಲಿಕೆ ಸದಸ್ಯರೇ ಅಧ್ಯಕ್ಷರು, ಜೊತೆಗೆ 10 ಮಂದಿ. ಅವರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ನಿವಾಸಿ ಸಂಘದವರು ಇರಲೇಬೇಕಿತ್ತು. ಕಸದ ಉಸ್ತುವಾರಿ ಈ ಸಮಿತಿಯ ಕೆಲಸಗಳಲ್ಲಿ ಒಂದು.

ಕಾನೂನು ಇದ್ದರೂ ಬೆಂಗಳೂರಿನಲ್ಲಿ ಸಮಿತಿಗಳು ಸರಿಯಾಗಿ ಕೂತದ್ದು ಹೈಕೋರ್ಟ್ ಬೆನ್ನು ಬಿದ್ದ ಮೇಲೆ, 2017-18ರ ಹೊತ್ತಿಗೆ. ತಡ ಯಾಕೆ? ಹಲವು ಪಾಲಿಕೆ ಸದಸ್ಯರಿಗೆ ಸಮಿತಿ ಅಂದರೆ ಪೈಪೋಟಿ ಅನ್ನಿಸಿತು. ಸಮಿತಿಯ ತೀರ್ಮಾನ ತಳ್ಳಿಹಾಕುವ ವಿಟೊ ಅಧಿಕಾರವೂ ಅವರ ಕೈಗೆ ಸಿಕ್ಕಿತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. 2012ರಲ್ಲಿ ಕಸ ರಾಶಿಬಿದ್ದಾಗ ಚುನಾಯಿತ ಪಾಲಿಕೆ ಇತ್ತು, ಮೇಯರ್ ಇದ್ದರು. ಸದಸ್ಯರು ಇದ್ದ ಮಾತ್ರಕ್ಕೆ ಊರು ಚೊಕ್ಕ ಆಗಲ್ಲ. ಹಾಗಾದರೆ ಸದಸ್ಯರು ಬೇಕೇ ಅಂತ ಕೆಲವರು ಕೇಳುತ್ತಾರೆ, ಒಳ್ಳೆಯ ಅಧಿಕಾರಿ ಸಾಕಲ್ವಾ ಅನ್ನುತ್ತಾರೆ. ಈ ಮಾತು ವಿದ್ಯಾವಂತರ ಬಾಯಲ್ಲೇ ಜಾಸ್ತಿ ಕೇಳಿಸುತ್ತದೆ. ನಾನು ಒಪ್ಪಲಾರೆ. ಮುಂದೆ ಆದದ್ದನ್ನು ನೋಡಿದರೆ ನೀವೂ ಒಪ್ಪಲಿಕ್ಕಿಲ್ಲ.

ತಿಂಗಳ ಮೊದಲ ಶನಿವಾರ ಸಭೆ ಅಂತ ಪದ್ಧತಿ ಬಿತ್ತು. ಕೂತು ನೋಡಿದವರಿಗೆ ಗೊತ್ತು, ಅದು ದೊಡ್ಡ ಭಾಷಣದ ಜಾಗ ಅಲ್ಲ. ನಾಲ್ಕನೇ ಅಡ್ಡರಸ್ತೆಗೆ ಆಟೊ ಟಿಪ್ಪರ್ ಎಷ್ಟು ಗಂಟೆಗೆ ಬರಬೇಕು, ಎಷ್ಟು ಗಂಟೆಗೆ ಬರುತ್ತಿದೆ. ವಾರ್ಡಿಗೆ ಎಷ್ಟು ಪೌರಕಾರ್ಮಿಕರು ಅಂತ ಪಟ್ಟಿಯಲ್ಲಿದೆ, ಬೆಳಿಗ್ಗೆ ಹಾಜರಿ ಹೇಳುವುದು ಎಷ್ಟು ಮಂದಿ. ಶಾಲೆಯ ಗೋಡೆಯ ಪಕ್ಕದ ಬ್ಲಾಕ್ ಸ್ಪಾಟ್‌ಗೆ ರಾತ್ರಿ ಕಸ ತಂದು ಎಸೆಯುವವರು ಯಾವ ಹೋಟೆಲಿನವರು. ಮೇಸ್ತ್ರಿ ಒಂದು ಹೇಳುತ್ತಾರೆ, ಹೆಲ್ತ್ ಇನ್‌ಸ್ಪೆಕ್ಟರ್ ಇನ್ನೊಂದು ಹೇಳುತ್ತಾರೆ, ಹಿಂದಿನ ಸಾಲಿನಲ್ಲಿ ಕೂತ ಅಜ್ಜಿ ಮೂರನೆಯದು ಹೇಳುತ್ತಾರೆ. ಹೆಚ್ಚಿನ ಸಲ ಅಜ್ಜಿಯ ಮಾತೇ ನಿಜ, ಗಾಡಿ ಬರುವುದನ್ನು ಕಿಟಕಿಯಲ್ಲಿ ಕೂತು ಕಾಯುವವರು ಅವರೇ. ಎಲ್ಲರೂ ಎದುರುಬದುರು ಕೂತಾಗ ಸುಳ್ಳು ಹೇಳುವುದು ಕಷ್ಟ. ಮುಂದಿನ ತಿಂಗಳು ಅದೇ ಮುಖ ನೋಡಬೇಕು ಅಂತ ಗೊತ್ತಿದ್ದರೆ ಇನ್ನೂ ಕಷ್ಟ.

ಐದು ವರ್ಷ ಯಾರೂ ಇಲ್ಲ

2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಯು ವಿಧಿ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟ ಮಾಡಿತ್ತು. ಬೆಂಗಳೂರಿನಲ್ಲಿ ಆದದ್ದು ಬೇರೆ. 198 ವಾರ್ಡುಗಳನ್ನು 243 ಮಾಡುವ ಕಾನೂನು ಬಂತು. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹಳೆಯ 198ಕ್ಕೇ ಚುನಾವಣೆ ನಡೆಸಿ ಅಂದಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2022ರಲ್ಲಿ 243 ವಾರ್ಡುಗಳ ಗಡಿ ಅಂತಿಮ ಆಯಿತು, ಮೀಸಲಾತಿ ಪಟ್ಟಿಯನ್ನು ಹೈಕೋರ್ಟ್ ರದ್ದು ಮಾಡಿತು. ಸರ್ಕಾರ ಬದಲಾಯಿತು, 2023ರಲ್ಲಿ ವಾರ್ಡುಗಳು 225 ಆದವು. ಅದೂ ಉಳಿಯಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು. ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆ ಹೋಗಿ ಐದಾದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಎಲ್ಲದರ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ನವೆಂಬರ್‌ನಲ್ಲಿ ಒಟ್ಟು 369 ವಾರ್ಡುಗಳ ಪಟ್ಟಿ ಹೊರಬಂತು. ಅಷ್ಟರಲ್ಲಿ ಒಂದು ಇಡೀ ಅವಧಿ, ಐದು ವರ್ಷ, ಸದಸ್ಯರಿಲ್ಲದೇ ಕಳೆದಿತ್ತು. ಯಾವುದೋ ಒಂದು ಪಕ್ಷ ಮಾಡಿದ್ದು ಅನ್ನುವ ಹಾಗಿಲ್ಲ, ಈ ಐದು ವರ್ಷದಲ್ಲಿ ಬೇರೆ ಬೇರೆ ಪಕ್ಷಗಳು ಅಧಿಕಾರದಲ್ಲಿದ್ದವು.

ಈ ಐದು ವರ್ಷದಲ್ಲಿ ಕಸಕ್ಕೆ ಏನಾಯಿತು? 2021ರಲ್ಲಿ ಘನತ್ಯಾಜ್ಯಕ್ಕೆಂದೇ ಒಂದು ಕಂಪನಿ ಆಯಿತು, ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ಪಾಲಿಕೆಯ ಅತಿ ಮೂಲಭೂತ ಕೆಲಸ ನಿಯಮಿತದ ಕೈಗೆ ಹೋಯಿತು. ವಾರ್ಡ್ ಸಮಿತಿಯಲ್ಲಿ ಸದಸ್ಯರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಒಬ್ಬ ಅಧಿಕಾರಿಗೆ ತಮ್ಮ ಮಾಮೂಲಿ ಕೆಲಸದ ಮೇಲೆ ಇದು ಇನ್ನೊಂದು. ಒಳ್ಳೆಯವರು ಇದ್ದರು, ಸಭೆ ನಡೆಸಿದರು. ವರ್ಗ ಆಗಿ ಹೋದ ಮೇಲೆ ಹಿಂದಿನ ಸಭೆಯ ನಡಾವಳಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ.

2025ರ ಏಪ್ರಿಲ್‌ನಿಂದ ಕಸಕ್ಕೆ ಬಳಕೆದಾರರ ಶುಲ್ಕ ಬಂತು. ಮನೆಗಳಿಗೆ ಕಟ್ಟಡದ ಅಳತೆಯ ಪ್ರಕಾರ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿ, ಆಸ್ತಿ ತೆರಿಗೆಯ ಜೊತೆ ವಸೂಲಿ. ಶುಲ್ಕ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಕಸ ಎತ್ತಲು ದುಡ್ಡು ಬೇಕು, ಕೊಡೋಣ. ಆದರೆ ಹಾಗೊಂದು ಹೊಸ ಹೊರೆ ಬಂದಾಗ ನಮ್ಮ ವಾರ್ಡಿನ ಪರವಾಗಿ ಎದ್ದು ನಿಂತು, ಅಳತೆಯ ಲೆಕ್ಕ ಯಾಕೆ, ಗೊಬ್ಬರ ಮನೆಯಲ್ಲೇ ಮಾಡುವವರಿಗೆ ರಿಯಾಯಿತಿ ಎಷ್ಟು, ಈ ದುಡ್ಡು ನಮ್ಮ ವಾರ್ಡಿಗೇ ಬರುತ್ತದಾ ಅಂತ ಕೇಳಲು ಒಬ್ಬ ಸದಸ್ಯನೂ ಸಭಾಂಗಣದಲ್ಲಿ ಇರಲಿಲ್ಲ. ಸಭಾಂಗಣವೇ ಖಾಲಿ. ಅದೇ ವರ್ಷ ಅಕ್ಟೋಬರ್ ಕೊನೆಗೆ, ರಸ್ತೆಗೆ ಕಸ ಎಸೆಯುವವರ ಮನೆಯ ಮುಂದೆ ಅದೇ ಕಸ ತಂದು ಸುರಿಯುವ ಕಾರ್ಯಾಚರಣೆ ನಡೆಯಿತು. ಕಸ ಎಸೆಯುವವರ ಮೇಲೆ ನನಗೂ ಸಿಟ್ಟಿದೆ. ಆದರೂ ಗಾಡಿ ಸರಿಯಾದ ಹೊತ್ತಿಗೆ ಬರುತ್ತದೆಯೇ ಅಂತ ಬೀದಿಯವರನ್ನು ಕೂರಿಸಿ ಕೇಳುವ ಜಾಗ ಇದ್ದಿದ್ದರೆ ಈ ಮಟ್ಟಕ್ಕೆ ಹೋಗಬೇಕಾಗಿತ್ತೇ? ಬೆಳಿಗ್ಗೆ 6ಕ್ಕೆ ಕೆಲಸಕ್ಕೆ ಹೊರಟು ರಾತ್ರಿ ಬರುವ ಗಂಡ ಹೆಂಡತಿಗೆ 10 ಗಂಟೆಯ ಟಿಪ್ಪರ್ ಸಿಗುವುದು ಹೇಗೆ? ಇಂಥದ್ದನ್ನು ಆಯುಕ್ತರು ಊಹಿಸಲಾರರು. ಆ ಬೀದಿಯಲ್ಲಿ ವೋಟ್ ಕೇಳಿ ಗೆದ್ದವರಿಗೆ ಇದು ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಜನ ಗೊತ್ತು ಮಾಡಿಸುತ್ತಾರೆ.

ಇದು ಬೆಂಗಳೂರಿನ ಸಮಸ್ಯೆ ಮಾತ್ರ ಅಲ್ಲ. ರಾಜ್ಯದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ ವರ್ಷ ವರ್ಷ ಕಳೆದರೂ ಆಡಳಿತಾಧಿಕಾರಿಗಳೇ ನಡೆಸಿದರು. 1980ರ ದಶಕದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಡಿಸಿ ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು. ಹಳ್ಳಿಗಳಿಗೆ ಕೊಳವೆಬಾವಿ ನೀರು ಕೊಡಿಸಿದ್ದಕ್ಕೆ ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದರು. ಅವರ ರಾಜ್ಯದಲ್ಲೇ ಹೀಗಾದದ್ದು ನನಗೆ ಬಹಳ ನೋವಿನ ವಿಷಯ.

ನಮ್ಮ ಕೈಯಲ್ಲಿ ಇರುವುದು

ಈ ಪ್ರಕರಣದಲ್ಲಿ ಒಳ್ಳೆಯದು ಆದ ಕಡೆಯೆಲ್ಲ ಒಂದು ಗುಂಪು ಕೂತು ದುಡಿದಿದೆ. ದೊಡ್ಡ ಗುಂಪಲ್ಲ. ಒಂದು ಬೀದಿಯ ಐದಾರು ಮನೆಯವರು. ಅವರು ಮಾಡಿದ ಕೆಲಸಗಳಲ್ಲಿ ಮೊದಲನೆಯದು ಪೌರಕಾರ್ಮಿಕರ ಹೆಸರು ಕೇಳಿ ತಿಳಿದದ್ದು. ಆಮೇಲೆ ಗಾಡಿಯ ನಂಬರ್, ಚಾಲಕರ ಫೋನ್, ಬರುವ ಹೊತ್ತು. ಅದನ್ನು ಬೀದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರು. ಕಸ ವಿಂಗಡಿಸದ ಮನೆಗೆ ಬೈಯಲು ಹೋಗಲಿಲ್ಲ, ಎರಡು ಡಬ್ಬ ಹಿಡಿದು ತೋರಿಸಲು ಹೋದರು. ಕೆಲಸದವರ ಜೊತೆ ಮನೆಯೊಡತಿಯೂ ನಿಂತು ಕೇಳಿಸಿಕೊಳ್ಳುವ ಹಾಗೆ ಮಾಡಿದರು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಡಬ್ಬಕ್ಕೆ ಕಸ ಹಾಕುವುದು ಒಬ್ಬರು, ನಿಯಮ ಕೇಳಿಸಿಕೊಂಡದ್ದು ಇನ್ನೊಬ್ಬರು.

ಅಷ್ಟಕ್ಕೇ ನಿಂತವರ ಕೆಲಸ ಆ ಬೀದಿಗೇ ನಿಂತಿತು. ಪಾರ್ಕ್ ಗುಡಿಸಿ ಗೋಡೆಗೆ ಬಣ್ಣ ಬಳಿದು ಫೋಟೊ ಹಾಕಿದವರನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಮೂರು ತಿಂಗಳಲ್ಲಿ ಅದೇ ಮೂಲೆಯಲ್ಲಿ ಮತ್ತೆ ಕಸ ಬಿದ್ದಿರುತ್ತದೆ. ಮುಂದೆ ಹೋದವರು ಮಾಹಿತಿ ಹಕ್ಕಿನಲ್ಲಿ ವಾರ್ಡಿನ ಕಸದ ಗುತ್ತಿಗೆಯ ಪ್ರತಿ ಕೇಳಿದರು. ಎಷ್ಟು ಟಿಪ್ಪರ್‌ಗೆ ಬಿಲ್ ಆಗುತ್ತಿದೆ, ಎಷ್ಟು ಬರುತ್ತಿವೆ ಅಂತ ಲೆಕ್ಕ ಹಾಕಿದರು. ಆ ಕಾಗದ ಹಿಡಿದು ವಾರ್ಡ್ ಸಭೆಗೆ ಹೋದರು. ನಡಾವಳಿಯಲ್ಲಿ ಬರೆಸಿದರು, ಬರೆಯುವವರೆಗೆ ಎದ್ದು ಬರಲಿಲ್ಲ. ಇದು ಬೇಸರ ತರಿಸುವ ಕೆಲಸ. ಫೋಟೊಗೆ ಸಿಗುವುದಿಲ್ಲ. ಆದರೆ ಹೈಕೋರ್ಟಿಗೆ ಹೋದಾಗ ನಿಂತದ್ದು ಇಂಥ ಕಾಗದಗಳೇ.

ಹಳ್ಳಿಯಲ್ಲಿರುವವರಿಗೆ ವಾರ್ಡ್ ಸಭೆ, ಗ್ರಾಮಸಭೆ ಇವೆ. ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು ಅಂತ ಕಾನೂನು. ಹತ್ತು ಜನ ಸಹಿ ಹಾಕಿ ಮುಗಿಸುವ ಸಭೆ ಮತ್ತು ನೂರು ಜನ ಕೂತು ಕ್ರಿಯಾಯೋಜನೆ ಓದಿಸಿಕೊಳ್ಳುವ ಸಭೆಗೆ ಇರುವ ವ್ಯತ್ಯಾಸ ಅಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ. ನಗರದ ಅಂಚಿನ ಪಂಚಾಯಿತಿಗಳಿಗೆ ಇದು ಇನ್ನೂ ಮುಖ್ಯ. ನಗರದ ಕಸ ಇನ್ನೊಂದು ಜಾಗ ಹುಡುಕುತ್ತಲೇ ಇರುತ್ತದೆ. ನಿಮ್ಮೂರಿನ ಸರ್ವೆ ನಂಬರ್ ಕಡತದಲ್ಲಿ ಬಂದಾಗಲೇ ಗ್ರಾಮಸಭೆಯಲ್ಲಿ ಠರಾವು ಮಾಡಿ, ಲಾರಿ ಬಂದ ಮೇಲೆ ತಡೆಯುವುದಕ್ಕಿಂತ ಅದು ಗಟ್ಟಿ.

ನಗರದವರಿಗೆ ಇನ್ನೊಂದು ಕೆಲಸ ಬಾಕಿ ಇದೆ. 2015ರ ಪಾಲಿಕೆ ಚುನಾವಣೆಯಲ್ಲಿ ಮತದಾನ ಶೇ 50ನ್ನೂ ಮುಟ್ಟಲಿಲ್ಲ. ಅದಕ್ಕೂ ಹಿಂದಿನ 2010ರಲ್ಲಿ ಇನ್ನೂ ಕಡಿಮೆ. ಅರ್ಧ ಊರು ಬರದೇ ಇರುವ ಚುನಾವಣೆಯನ್ನು ಮುಂದೂಡಿದರೆ ಯಾವ ಸರ್ಕಾರಕ್ಕೂ ಭಯ ಆಗುವುದಿಲ್ಲ. ಈಗ 369 ವಾರ್ಡುಗಳಲ್ಲಿ ನಿಮ್ಮದು ಯಾವುದು, ಅದು ಐದರಲ್ಲಿ ಯಾವ ಪಾಲಿಕೆಗೆ ಸೇರಿದೆ, ಮತದಾರರ ಪಟ್ಟಿಯಲ್ಲಿ ಹೆಸರು ಅದೇ ವಾರ್ಡಿನಲ್ಲಿದೆಯಾ ಅಂತ ನೋಡಿಕೊಳ್ಳಿ. ಗಡಿ ಬದಲಾಗಿದೆ, ಎದುರು ಮನೆಯವರ ವಾರ್ಡೇ ಬೇರೆ ಆಗಿರಬಹುದು. ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಇದೆ. ಅಭ್ಯರ್ಥಿ ಕೈ ಮುಗಿದು ಬಾಗಿಲಿಗೆ ಬಂದಾಗ ಕೂರಿಸಿ, ನೀರು ಕೊಡಿ, ಮೂರು ಪ್ರಶ್ನೆ ಕೇಳಿ. ಗೆದ್ದ ಮೇಲೆ ವಾರ್ಡ್ ಸಮಿತಿ ಸಭೆಯನ್ನು ಎಲ್ಲಿ, ಯಾವ ವಾರ ಮಾಡುತ್ತೀರಿ? ನಮ್ಮ ವಾರ್ಡಿನ ಒಣ ಕಸದ ಕೇಂದ್ರಕ್ಕೆ ಒಮ್ಮೆಯಾದರೂ ಹೋಗಿದ್ದೀರಾ? ನಮ್ಮ ಹಸಿ ಕಸ ಇವತ್ತು ಯಾವ ಊರಿಗೆ ಹೋಗುತ್ತಿದೆ? ಮೂರನೆಯದಕ್ಕೆ ಊರಿನ ಹೆಸರು ಹೇಳಿದವರನ್ನು, ಆ ಊರಿನವರು ಏನನ್ನುತ್ತಿದ್ದಾರೆ ಅಂತಲೂ ಕೇಳಿ.